ಪಂಚಾಂಗದ ಋತುವೂ ನೆಲದ ಋತುವೂ



ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಕೊನೆಯ ವಾರದಲ್ಲಿ, ತರಗತಿಯಲ್ಲಿ ನಾನೊಂದು ಸಣ್ಣ ಪ್ರಶ್ನೆಯನ್ನು ಹಾಕಿದೆನು: "ಈಗ ನಡೆಯುತ್ತಿರುವುದು ಯಾವ ಋತು?" ಮುಂದಿನ ಸಾಲಿನ ಹುಡುಗನೊಬ್ಬನು ಥಟ್ಟನೆ "ಗ್ರೀಷ್ಮ" ಎಂದನು. ಪಂಚಾಂಗದ ಪ್ರಕಾರ ಅವನ ಉತ್ತರ ಸರಿಯೇ. ಜ್ಯೇಷ್ಠ ಆಷಾಢಗಳೆರಡೂ ಗ್ರೀಷ್ಮಕ್ಕೆ ಸೇರಿದುವು. ಆದರೆ ತೀರ್ಥಹಳ್ಳಿಯ ಕಡೆಯ ವಿದ್ಯಾರ್ಥಿಗೆ ನಗು ತಡೆಯಲಾಗಲಿಲ್ಲ. "ನಮ್ಮೂರಿನಲ್ಲಿ ಹದಿನೈದು ದಿನದಿಂದ ಒಗೆದ ಬಟ್ಟೆ ಒಣಗಿಲ್ಲ, ಸಾರ್" ಎಂದನು. ಚಳ್ಳಕೆರೆಯಿಂದ ಬಂದಿದ್ದ ಮತ್ತೊಬ್ಬನು ಮೆಲ್ಲನೆ, "ನಮ್ಮಲ್ಲಿ ಮಳೆಯೂ ಇಲ್ಲ, ಬೇಸಗೆಯೂ ಇಲ್ಲ; ಬರೀ ಗಾಳಿ" ಎಂದನು. ಮೂವರು ಹೇಳಿದುದೂ ನಿಜವೇ. ಒಂದೇ ದಿನಕ್ಕೆ ಮೂರು ಋತುಗಳು ಹೇಗಾದುವು? ಈ ಹೊತ್ತು ತಮ್ಮೊಡನೆ ಆಲೋಚಿಸಬೇಕೆಂದಿರುವುದು ಇದನ್ನೇ.

ವಸಂತ, ಗ್ರೀಷ್ಮ, ವರ್ಷ, ಶರತ್, ಹೇಮಂತ, ಶಿಶಿರವೆಂಬ ಆರು ಹೆಸರುಗಳನ್ನು ನಾವು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿರುತ್ತೇವೆ. ಈ ವಿಭಾಗವು ಉತ್ತರದ ಬಯಲುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಕೇರಳದ ಕರೆಯನ್ನು ಜೂನ್ 1ರ ಸುಮಾರಿಗೆ ಮುಟ್ಟುವ ಮುಂಗಾರು ದೆಹಲಿಯನ್ನು ಸೇರುವ ಹೊತ್ತಿಗೆ ಆ ತಿಂಗಳೇ ಮುಗಿಯುತ್ತ ಬಂದಿರುತ್ತದೆ. ಅಲ್ಲಿಯವರಿಗೆ ಆಷಾಢದ ಆರಂಭದವರೆಗೂ ಬಿಸಿಲೇ ಬಿಸಿಲು; ಹೇಮಂತ ಶಿಶಿರಗಳಲ್ಲಿ ಮೈ ನಡುಗಿಸುವ ಚಳಿ. ನಮ್ಮ ನಾಡಿನ ಒಕ್ಕಲಿಗನು ಈ ಆರು ಹೆಸರುಗಳಿಗೆ ಗೌರವವನ್ನು ಸಲ್ಲಿಸಿ, ಹಬ್ಬಹರಿದಿನಗಳ ಸಂಕಲ್ಪಕ್ಕೆ ಬಿಟ್ಟುಕೊಟ್ಟನು. ತನ್ನ ಬಾಳಿಗೆ ಮಾತ್ರ ಬೇರೆ ಹೆಸರುಗಳನ್ನಿಟ್ಟುಕೊಂಡನು. "ಕಾರ್" ಎಂದರೆ ಕಪ್ಪು, ಕಾರ್ಮುಗಿಲು, ಮಳೆಗಾಲ. ಮುಂದಾಗಿ ಬರುವುದು ಮುಂಗಾರು, ಹಿಂದಾಗಿ ಬರುವುದು ಹಿಂಗಾರು. ಬೆಳೆ ಮನೆಗೆ ಬರುವ ಕಾಲವು ಸುಗ್ಗಿ. ಇವು ಆಕಾಶವನ್ನೂ ನೆಲವನ್ನೂ ಒಟ್ಟಿಗೆ ನೋಡಿ ಇಟ್ಟ ಹೆಸರುಗಳು.

ಹೀಗಿದ್ದರೂ ಕನ್ನಡನಾಡಿನಲ್ಲಿಯೇ ಎಲ್ಲೆಡೆ ಮುಂಗಾರು ಒಂದೇ ಅಲ್ಲ. ಪಡುವಣ ಕಡಲಿನಿಂದ ಬರುವ ತೇವದ ಗಾಳಿಯು ಸಹ್ಯಾದ್ರಿಯ ಗೋಡೆಗೆ ತಾಗಿ, ಮೇಲೇರಿ, ತಣಿದು, ತನ್ನ ಭಾರವನ್ನೆಲ್ಲ ಅಲ್ಲಿಯೇ ಇಳಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 300 ಅಂಗುಲ ಮಳೆ. ಅಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ 120 ಮೈಲಿ ಈಶಾನ್ಯಕ್ಕೆ ಹೋದರೆ ಚಳ್ಳಕೆರೆ. ಅಲ್ಲಿ ವರ್ಷವೆಲ್ಲ ಸೇರಿದರೂ 25 ಅಂಗುಲ ತುಂಬುವುದಿಲ್ಲ. ಬೆಟ್ಟದಲ್ಲಿ ಹೊರೆಯಿಳಿಸಿದ ಗಾಳಿಯು ಬರಿಗೈಯಲ್ಲಿ ಬಯಲಿಗೆ ಬಂದು ಧೂಳನ್ನೆಬ್ಬಿಸುತ್ತದೆ. ಆ ಹುಡುಗನು "ಬರೀ ಗಾಳಿ" ಎಂದುದು ಇದನ್ನೇ. ಅವನ ಊರಿನವರು ಎದುರು ನೋಡುವುದು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳ ಮಳೆಯನ್ನು.

ಇನ್ನೂ ಉತ್ತರಕ್ಕೆ, ವಿಜಯಪುರದ ಎರೆಭೂಮಿಗೆ ಹೋದರೆ ಋತುವಿನ ಬಣ್ಣವೇ ಬೇರೆ. ಮುಂಗಾರಿನಲ್ಲಿ ಎಷ್ಟೋ ಹೊಲಗಳನ್ನು ಬಿತ್ತದೆ, ಕುಂಟೆ ಹೊಡೆದು, ನೆಲಕ್ಕೆ ನೀರು ಕುಡಿಸಿ ಇಟ್ಟಿರುತ್ತಾರೆ. ಹಿಂಗಾರಿನಲ್ಲಿ ಬಿತ್ತಿದ ಬಿಳಿಜೋಳವು ಆ ತೇವವನ್ನೇ ಹೀರಿ ಚಳಿಗಾಲದಲ್ಲಿ ಬೆಳೆಯುತ್ತದೆ. ಶಾಸ್ತ್ರದ ಹೇಮಂತವು ಮರಗಿಡಗಳು ಮುದುಡುವ ಕಾಲವಾದರೆ, ಅಲ್ಲಿ ಅದು ಹೊಲ ಹಸುರಾಗುವ ಕಾಲ; ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೋಗಿ ಬೆಳೆಗೆ ಚರಗ ಚೆಲ್ಲುವ ಸಂಭ್ರಮದ ಕಾಲ. ತುಳುನಾಡಿನಲ್ಲಿಯಾದರೋ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳು, ಮಳೆ ಧಾರಾಕಾರವಾಗಿದ್ದರೂ, ಹಿಂದಿನವರಿಗೆ ಹಸಿವಿನ ತಿಂಗಳಾಗಿತ್ತು. ಕಣಜ ಬರಿದು, ಕೆಲಸವಿಲ್ಲ, ಹೊರಗೆ ಕಾಲಿಡುವಂತಿಲ್ಲ. ಒಂದೆಡೆ ಮಳೆಯಿಲ್ಲದೆ ಹಸಿವು, ಮತ್ತೊಂದೆಡೆ ಮಳೆಯೊಳಗೇ ಹಸಿವು!

ನಮ್ಮ ರೈತರು ಮಳೆಯನ್ನು ನಕ್ಷತ್ರಗಳಿಂದ ಎಣಿಸುತ್ತಾರೆಂಬುದು ತಮಗೆಲ್ಲ ತಿಳಿದುದೇ. ಸೂರ್ಯನು ಒಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳು ಒಂದು "ಮಳೆ". ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳವೆಂಬ ಗಾದೆಯುಂಟು. ಈ ಲೆಕ್ಕದಲ್ಲಿಯೂ ಒಂದು ಇತಿಹಾಸವು ಅಡಗಿದೆ. 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ, ಹಿಂದೆ ಧನಿಷ್ಠೆಯಲ್ಲಿ ಆಗುತ್ತಿದ್ದ ಉತ್ತರಾಯಣವು ತನ್ನ ಕಾಲಕ್ಕೆ ಮಕರದ ಆರಂಭಕ್ಕೆ ಸರಿದಿರುವುದನ್ನು ಗುರುತಿಸಿದ್ದನು. ಆ ಸರಿಯುವಿಕೆಯು ನಿಂತಿಲ್ಲ. ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ನಡೆದೇ ಇದೆ. ಇಂದು ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ. ನಾವು ಎಳ್ಳು ಬೀರುವುದು ಜನವರಿ 14 ಅಥವಾ 15ರಂದು. ಮಳೆನಕ್ಷತ್ರಗಳೂ ಅಷ್ಟೇ ಸರಿದಿವೆ. ಈಗ ಜೂನ್ 22ರ ಸುಮಾರಿಗೆ ಹುಟ್ಟುವ ಆರಿದ್ರೆಯು ವರಾಹಮಿಹಿರನ ಕಾಲದಲ್ಲಿ ಮೇ ಕೊನೆಗೇ ಹುಟ್ಟುತ್ತಿತ್ತು. ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ಏರ್ಪಟ್ಟ ಪಂಚಾಂಗ ಸುಧಾರಣಾ ಸಮಿತಿಯು ಋತುವಿಗೂ ತಿಂಗಳಿಗೂ ಮತ್ತೆ ಹೊಂದಿಕೆಯಾಗುವಂತೆ ಒಂದು ರಾಷ್ಟ್ರೀಯ ಪಂಚಾಂಗವನ್ನು ರೂಪಿಸಿತು. ಅದು 1957ರ ಮಾರ್ಚ್ 22ರಿಂದ ಜಾರಿಗೆ ಬಂದರೂ ಮನೆಮನೆಗಳಲ್ಲಿ ನೆಲೆಗೊಳ್ಳಲಿಲ್ಲ. ಆದರೆ ರೈತನು ಹೆಸರನ್ನೇ ನಂಬಿ ಕುಳಿತವನಲ್ಲ. ನೆಲ ಹದವಾಗದೆ ಅವನು ಬೀಜಕ್ಕೆ ಕೈಹಾಕುವವನಲ್ಲ.

ಹದ ನೋಡಬಲ್ಲವನಿಗೂ ಸೋಲುಂಟು. ಧಾತು ಈಶ್ವರ ಸಂವತ್ಸರಗಳ ಬರವೆಂದರೆ ಹಳೆಯ ಮೈಸೂರಿನ ಹಿರಿಯರು ಬಹುಕಾಲದವರೆಗೆ ನಡುಗುತ್ತಿದ್ದರು. 1876ರಲ್ಲಿ ಮುಂಗಾರು ಬಡವಾಯಿತು. ಅದನ್ನು ತುಂಬಿಕೊಡಬೇಕಾಗಿದ್ದ ಹಿಂಗಾರು ಕೈಕೊಟ್ಟಿತು. 1878ರವರೆಗೂ ಬವಣೆ ನೀಗಲಿಲ್ಲ. ಶಾಂತ ಸಾಗರದ ನೀರು ಅಸಾಧಾರಣವಾಗಿ ಬಿಸಿಯೇರಿ ಗಾಳಿಯ ನಡೆ ತಪ್ಪಿತೆಂದು ಇಂದಿನ ವಿಜ್ಞಾನವು ಹೇಳುತ್ತದೆ. ಅಂದಿನವರಿಗೆ ಅದು ತಿಳಿದಿರಲಿಲ್ಲ. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹೆಚ್ಚಬೇಕಾದ ಹತ್ತು ವರ್ಷಗಳಲ್ಲಿ ಎಂಟೂವರೆ ಲಕ್ಷಕ್ಕೂ ಮಿಗಿಲಾಗಿ ಇಳಿದಿತ್ತು. ಈ ಪೆಟ್ಟು ಎಲ್ಲೆಡೆ ಸಮನಾಗಿ ಬೀಳಲಿಲ್ಲ. ಮೂಡಣ ಬಯಲುಸೀಮೆಯು ಬರಿದಾದಾಗ ಮಲೆನಾಡು ಬಹುಮಟ್ಟಿಗೆ ಉಳಿದುಕೊಂಡಿತು. ಒಂದೇ ಸರ್ಕಾರ, ಒಂದೇ ಸಂವತ್ಸರ. ಆದರೆ ಋತು ಒಂದೇ ಆಗಿರಲಿಲ್ಲ.

ಒಂದು ಸೀಮೆಯ ಮಳೆಗಾಲವನ್ನು ಮತ್ತೊಂದು ಸೀಮೆಗೆ ಒಯ್ಯಬಹುದೆ? ಇದಕ್ಕೆ ಉತ್ತರವು ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿದೆ. ಬಾಬಾಬುಡನ್ ಬೆಟ್ಟಗಳಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕೂಡಿ, ವೇದಾವತಿಯಾಗಿ, ಬಯಲುಸೀಮೆಗೆ ಇಳಿಯುತ್ತವೆ. ಆ ನದಿಗೆ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಕಟ್ಟೆಯೇ ವಾಣೀವಿಲಾಸ ಸಾಗರ. ಬೆಟ್ಟದ ಮೇಲೆ ಬಿದ್ದ ಮಳೆಯು ಮಳೆ ಕಾಣದ ಹಿರಿಯೂರಿನ ತೋಟಗಳಿಗೆ ಬೇಸಗೆಯಲ್ಲಿ ಹರಿಯುವಂತಾಯಿತು. ಆದರೆ ನೆಲದ ಸ್ವಭಾವವನ್ನು ಕಟ್ಟೆಯು ಅಳಿಸಲಾರದು. 1933ರಲ್ಲಿ ತುಂಬಿ ಕೋಡಿ ಹರಿದ ಆ ಜಲಾಶಯವು ಮತ್ತೆ ಕೋಡಿ ಹರಿದುದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಒಂದು ಕೋಡಿಯನ್ನು ಕಂಡ ಮಗುವು ಮುದುಕನಾದ ಮೇಲೆ ಎರಡನೆಯದನ್ನು ಕಾಣಬೇಕಾಯಿತು.

ರಾಜರು, ಯುದ್ಧಗಳು, ಶಾಸನಗಳು ಇವಷ್ಟನ್ನೇ ಚರಿತ್ರೆಯೆಂದು ಬಹುಕಾಲ ಪಾಠ ಹೇಳಿದವನು ನಾನು. ಒಂದು ಸೀಮೆಯ ಜನರು ತಮ್ಮ ಮಳೆಯನ್ನು ಹೇಗೆ ಅರಿತರು, ಅದು ತಪ್ಪಿದಾಗ ಏನಾದರು, ಮತ್ತೆ ತಪ್ಪದಂತೆ ಏನು ಕಟ್ಟಿದರು ಎಂಬುದೂ ಚರಿತ್ರೆಯೇ ಎಂದು ನನಗೆ ಕಲಿಸಿದವರು ಆ ಮೂವರು ಹುಡುಗರು. ಮರುವರ್ಷದಿಂದ ನಾನು ಪ್ರಶ್ನೆಯನ್ನು ಬದಲಾಯಿಸಿದ್ದೇನೆ. "ಈಗ ಯಾವ ಋತು?" ಎಂದು ಕೇಳುವುದಿಲ್ಲ. "ನಿಮ್ಮೂರಿನಲ್ಲಿ ಈಗ ಯಾವ ಮಳೆ? ಬಂತೆ?" ಎಂದು ಕೇಳುತ್ತೇನೆ. ಹಿಂದಿನ ಸಾಲಿನವರೂ ಬಾಯಿ ಬಿಡುತ್ತಾರೆ.