ಕೊಟ್ಟಿಗೆಯಲ್ಲಿ ನಿಂತಿರುವ ಮೈಸೂರಿನ ಚರಿತ್ರೆ

ಚರಿತ್ರೆ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಕೋಟೆ, ಕತ್ತಿ, ಕಿರೀಟ. ಶಿಕಾರಿಪುರ, ಸೊರಬ ಅಂದರೆ ಬಳ್ಳಿಗಾವಿಯ ಕೇದಾರೇಶ್ವರ, ಉಡುತಡಿಯ ಅಕ್ಕಮಹಾದೇವಿ, ಚಂದ್ರಗುತ್ತಿಯ ರೇಣುಕಾಂಬೆ. ಅದನ್ನು ಬಿಟ್ಟರೆ ರಾಜಕಾರಣ. ಅಕ್ಕಪಕ್ಕದ ಎರಡು ತಾಲ್ಲೂಕು, ಬಂಗಾರಪ್ಪ, ಯಡಿಯೂರಪ್ಪ, ಇಬ್ಬರು ಮುಖ್ಯಮಂತ್ರಿಗಳು. ಆದರೆ ವೀಕ್ಷಕರೇ, ಇವತ್ತು ನಾನು ಹೇಳೋಕೆ ಹೊರಟಿರುವ ಚರಿತ್ರೆ ದೇವಸ್ಥಾನದಲ್ಲೂ ಇಲ್ಲ, ವಿಧಾನಸೌಧದಲ್ಲೂ ಇಲ್ಲ. ಅದು ಅಡಿಕೆ ಬೆಳೆಗಾರರ ಕೊಟ್ಟಿಗೆಯಲ್ಲಿ, ಗೋಣಿಚೀಲ ಹೊದ್ದುಕೊಂಡು, ಎರಡು ಸೈಲೆನ್ಸರ್ ಹೊರಗೆ ಚಾಚಿಕೊಂಡು ನಿಂತಿದೆ. ಅದರ ಹೆಸರು ಯೆಜ್ಡಿ ರೋಡ್‌ಕಿಂಗ್.

ಒಂದು ಹಳೇ ಬೈಕಿಗೆ ಇಷ್ಟೊಂದು ಮಾತು ಬೇಕಾ ಅಂತ ನೀವು ಕೇಳಬಹುದು. ಬೇಕು. ಯಾಕಂದರೆ ಇದು ಬರೀ ಬೈಕ್ ಅಲ್ಲ, ಕನ್ನಡ ನೆಲದಲ್ಲಿ ತಯಾರಾಗಿ ಇಡೀ ದೇಶ ಓಡಿಸಿದ ಯಂತ್ರ.

ಕಥೆ ಶುರುವಾಗೋದು ದೂರದ ಪ್ರಾಗ್‌ನಲ್ಲಿ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಬೈಕಿನ ತಯಾರಿಕೆಯನ್ನು ತನ್ನ ಕೈಗೆ ತೆಗೆದುಕೊಂಡ. ಎರಡೂ ಹೆಸರಿನ ಮೊದಲ ಅಕ್ಷರಗಳು ಸೇರಿ ‘ಜಾವಾ’ ಆಯಿತು. ಆ ಜಾವಾವನ್ನು ನಮ್ಮ ದೇಶಕ್ಕೆ ತರಿಸಿ ಮಾರುತ್ತಿದ್ದವರು ಮುಂಬೈನ ಇರಾನಿ ಕುಟುಂಬದವರು. ಐವತ್ತರ ದಶಕದಲ್ಲಿ ವಿದೇಶಿ ವಾಹನಗಳ ಆಮದಿಗೆ ಕಡಿವಾಣ ಬಿತ್ತು. ಹೊರಗಿನಿಂದ ತರಬೇಡಿ, ಇಲ್ಲೇ ತಯಾರಿಸಿ ಅಂತು ಸರ್ಕಾರ. ರುಸ್ತುಂ ಮತ್ತು ಫಾರೂಖ್ ಇರಾನಿ ಮೈಸೂರಿಗೆ ಬಂದರು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು, ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. ಉದ್ಘಾಟನೆ ಮಾಡಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಮಹಾರಾಜರ ಊರಿಗೆ ಮೋಟಾರ್‌ಸೈಕಲ್ ಬಂದಿದ್ದು ಹೀಗೆ.

ಎಪ್ಪತ್ತರ ದಶಕದಲ್ಲಿ ಝೆಕ್ ಕಂಪನಿಯ ಜೊತೆಗಿನ ಒಪ್ಪಂದ ಮುಗಿಯಿತು. ಜಾವಾ ಹೋಗಿ ಯೆಜ್ಡಿ ಬಂತು. ಇರಾನಿನ ಯಜ್ದ್ ಪಟ್ಟಣದ ನೆನಪಿಗೆ ಇಟ್ಟ ಹೆಸರು ಅದು. 1978ರಲ್ಲಿ ಬಂದದ್ದು ರೋಡ್‌ಕಿಂಗ್. 250 ಸಿಸಿ, ಒಂದೇ ಸಿಲಿಂಡರ್, ಟೂ ಸ್ಟ್ರೋಕ್, ಸುಮಾರು 16 ಹಾರ್ಸ್‌ಪವರ್. ಇವತ್ತಿನ ಹುಡುಗರಿಗೆ ಈ ಅಂಕಿ ನಗು ತರಿಸಬಹುದು. ಆದರೆ ಆ ಕಾಲಕ್ಕೆ ಚೆನ್ನೈ ಹತ್ತಿರದ ಶೋಳಾವರಂ ರೇಸ್‌ನಿಂದ ಹಿಡಿದು ಕಾಡುಮೇಡಿನ ರ‍್ಯಾಲಿಯವರೆಗೆ ಯೆಜ್ಡಿ ಇಲ್ಲದ ಕಣವೇ ಇರಲಿಲ್ಲ. ಮಧ್ಯಮ ವರ್ಗದವನ ಕೈಗೆ ಎಟುಕುವ ಸ್ಪೋರ್ಟ್ಸ್ ಬೈಕ್ ಅಂದರೆ ಅದೇ.

ಈಗ ಮಲೆನಾಡಿಗೆ ಬನ್ನಿ. ಆಗ ಶಿಕಾರಿಪುರಕ್ಕೂ ರೈಲಿಲ್ಲ, ಸೊರಬಕ್ಕೂ ರೈಲಿಲ್ಲ. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು ಅನ್ನುವಂಥ ಹಳ್ಳಿಗಳು. ತೋಟಕ್ಕೆ ಹೋಗಬೇಕು, ಶಿರಾಳಕೊಪ್ಪದ ಸಂತೆಗೆ ಹೋಗಬೇಕು, ಮಂಡಿಗೆ ಹೋಗಬೇಕು, ರಾತ್ರಿ ಹೆರಿಗೆ ನೋವು ಬಂದರೆ ಡಾಕ್ಟರನ್ನು ಕರೆತರಬೇಕು. ಕೆಸರು, ಏರು, ಹಳ್ಳ. ಇಂಥ ದಾರಿಗೆ ಗಟ್ಟಿ ಗಾಡಿಯೇ ಬೇಕಿತ್ತು. ಕಿಕ್ ಹೊಡೆಯುವ ಲಿವರ್ರೇ ಗೇರ್ ಹಾಕುವ ಲಿವರ್. ಎಂಜಿನ್‌ನಲ್ಲಿ ವಾಲ್ವ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಊರಿನ ಮೆಕ್ಯಾನಿಕ್ ನಾಲ್ಕು ಸ್ಪ್ಯಾನರ್ ಇಟ್ಟುಕೊಂಡು ಬಿಚ್ಚಿ ಜೋಡಿಸಿಬಿಡುತ್ತಿದ್ದ. ಯೆಜ್ಡಿ ಹಳ್ಳಿಯಲ್ಲಿ ಉಳಿದದ್ದು ಜಾಹೀರಾತಿನಿಂದ ಅಲ್ಲ, ಆ ಮೆಕ್ಯಾನಿಕ್‌ನಿಂದ.

ಮತ್ತೆ ಯಾಕೆ ಮುಳುಗಿತು? 1984ರಲ್ಲಿ ಇಂಡ್-ಸುಜುಕಿ ಬಂತು. 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಹಗುರ ಗಾಡಿ, ಕಡಿಮೆ ಪೆಟ್ರೋಲ್. ಯೆಜ್ಡಿ ಲೀಟರ್‌ಗೆ ಮೂವತ್ತರ ಆಸುಪಾಸು ಓಡಿದರೆ, ಅದರ ಎರಡು ಪಟ್ಟಿಗೂ ಹೆಚ್ಚು ಓಡುವ ಗಾಡಿ ಎದುರಿಗೆ ನಿಂತಿತ್ತು. ಗಿರಾಕಿ ಏನು ಮಾಡ್ತಾನೆ? ಜೇಬು ನೋಡ್ತಾನೆ. ಮೇಲಿಂದ ಹೊಗೆಯ ನಿಯಮ ಬಿಗಿಯಾಯಿತು, ಕಾರ್ಖಾನೆಯೊಳಗಿನ ಕಾರ್ಮಿಕ ಬಿಕ್ಕಟ್ಟು ಬಗೆಹರಿಯಲಿಲ್ಲ. 1996ರಲ್ಲಿ ಬಾಗಿಲು ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು. ಆದರೆ ಗಾಡಿ ತಯಾರಾಗೋದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ವಾಪಸ್ ಬಂತು, ಕಾರ್ಖಾನೆ ಮೈಸೂರಿಗೆ ವಾಪಸ್ ಬರಲಿಲ್ಲ.

ಹಾಗಾದರೆ ಮೈಸೂರಿನ ಆ ಕೆಲಸಗಾರರ ಕೈಚಳಕ ಎಲ್ಲಿ ಉಳಿದಿದೆ? ನಿಮ್ಮ ಕೊಟ್ಟಿಗೆಯಲ್ಲಿ. ಇಲ್ಲೇ ಇರೋದು ಅಸಲಿ ವಿಷಯ. ಈ ಗಾಡಿಗಳಿಗೆ ಈಗ ಬೆಲೆ ಬಂದಿದೆ. ಅಜ್ಜನ ಗಾಡಿಯನ್ನು ಗುಜರಿ ರೇಟಿಗೆ ಎತ್ತಿಕೊಂಡು ಹೋಗಿ, ಬಣ್ಣ ಬಳಿದು, ಬೆಂಗಳೂರಿನಲ್ಲಿ ಲಕ್ಷದ ಮಾತಾಡುವವರಿದ್ದಾರೆ. ಮಾರುವವನಿಗೂ ಮೋಸ, ಕೊಳ್ಳುವವನಿಗೂ ಮೋಸ.

ಕೊಳ್ಳುವ ಆಸೆ ಇರುವ ಯುವಕರಿಗೆ ಒಂದು ಮಾತು. ನಿಮ್ಮದೇ ಜಿಲ್ಲೆಯ ಉದಾಹರಣೆ ಕೊಡ್ತೀನಿ. ಬಿ.ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಪ್ರಕಟಿಸಿದಾಗ ಶಿಕಾರಿಪುರದವು 7ನೇ ಸಂಪುಟದಲ್ಲಿ, ಸೊರಬದವು 8ನೇ ಸಂಪುಟದಲ್ಲಿ ಬಂದವು. ಆ ಕಲ್ಲುಗಳಿಗೆ ಬೆಲೆ ಯಾಕೆ? ಕೆತ್ತಿದ ಅಕ್ಷರ ಕೆತ್ತಿದ ಹಾಗೇ ಇದೆ ಅಂತ. ಯಾರಾದರೂ ಉಳಿ ಹಿಡಿದು ತಿದ್ದಿದ್ದರೆ ಅದು ಶಾಸನವಾಗಿ ಉಳೀತಿತ್ತಾ? ಬೈಕಿಗೂ ಅದೇ ನ್ಯಾಯ. ಎಂಜಿನ್ ನಂಬರ್, ಚಾಸಿ ನಂಬರ್, ಅದೇ ಅದರ ಶಾಸನ. ಎರಡೂ ಆರ್‌ಸಿಗೆ ತಾಳೆಯಾಗಬೇಕು. ಉಜ್ಜಿ ಮತ್ತೆ ಕುಟ್ಟಿದ ಗುರುತು ಕಂಡರೆ ಎಷ್ಟೇ ಚೆಂದದ ಗಾಡಿ ಇದ್ದರೂ ಎದ್ದು ಬನ್ನಿ. ಅದು ಕಳವಿನ ಮಾಲೂ ಇರಬಹುದು.

ಹೊಳೆಯುವ ಬಣ್ಣಕ್ಕೆ ಮರುಳಾಗಬೇಡಿ. ಮಾಸಿದ್ದರೂ ಕಾರ್ಖಾನೆಯ ಬಣ್ಣವೇ ಇರುವ, ಟ್ಯಾಂಕ್, ಮಡ್‌ಗಾರ್ಡ್, ಮೀಟರ್ ಎಲ್ಲ ಮೂಲದ್ದೇ ಇರುವ ಗಾಡಿ ಒಳ್ಳೆಯದು. ಹೊಸ ಬಣ್ಣದ ಅಡಿಯಲ್ಲಿ ಪುಟ್ಟಿ ಎಷ್ಟಿದೆ ಅಂತ ಯಾರಿಗೆ ಗೊತ್ತು? ಮಲೆನಾಡಿನ ಗಾಡಿಯಾದರೆ ಟ್ಯಾಂಕ್ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಮಡ್‌ಗಾರ್ಡ್ ಕೆಳಗೆ ಕೈಯಾಡಿಸಿ. ನಾಲ್ಕು ತಿಂಗಳ ಮಳೆ ಕಬ್ಬಿಣವನ್ನು ಒಳಗಿನಿಂದಲೇ ತಿಂದಿರುತ್ತೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಗೇರ್ ಆಯಿಲ್ ಕಡಿಮೆಯಾಗುತ್ತಾ ಇದ್ದರೆ, ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ ಅಂತ ಅರ್ಥ. ಬೋರ್ ಎಷ್ಟು ಸಲ ಆಗಿದೆ ಅಂತ ಕೇಳಿ. ಪ್ರತಿ ಬೋರಿಗೂ ಸಿಲಿಂಡರ್ ಗೋಡೆ ತೆಳ್ಳಗಾಗುತ್ತೆ.

ಕಾಗದ ಪತ್ರ ಇನ್ನೂ ಮುಖ್ಯ. ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರ್ಮ್ 31 ಕೊಟ್ಟು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾರುವುದಾದರೆ ಫಾರ್ಮ್ 29, 30. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ‘ವಿಂಟೇಜ್’ ನೋಂದಣಿ ಉಂಟು. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ, ಶುಲ್ಕ 20 ಸಾವಿರ, ಅವಧಿ 10 ವರ್ಷ. ಆದರೆ ಆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು, ದಿನಾ ಓಡಿಸುವ ಹಾಗಿಲ್ಲ. ಅರವತ್ತರ ದಶಕದ ಜಾವಾಗೆ ಈ ಗೌರವ ಸಿಗುತ್ತೆ. ಮೊದಲ ರೋಡ್‌ಕಿಂಗ್‌ಗೆ 2028ರವರೆಗೆ ಕಾಯಬೇಕು.

ತಂದ ಮೇಲೆ ಸಾಕುವುದು ಹಸು ಸಾಕಿದ ಹಾಗೆ, ದಿನಾ ಒಂದು ಕಣ್ಣು ಬೇಕು. ಪೆಟ್ರೋಲ್‌ಗೆ ಟೂ-ಟಿ ಆಯಿಲ್ ಬೆರೆಸಲೇಬೇಕು, ಸಾಮಾನ್ಯವಾಗಿ ಲೀಟರ್‌ಗೆ 30ರಿಂದ 40 ಎಂಎಲ್. ಮರೆತರೆ ಪಿಸ್ಟನ್ ಸೀಜ್. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಗೇರಿನ ಮೇಲೆ ಬಹುದೂರ ಇಳಿಯಬೇಡಿ. ಎಂಜಿನ್‌ಗೆ ಪೆಟ್ರೋಲ್ ಹೋಗದಿದ್ದರೆ ಆಯಿಲ್ಲೂ ಹೋಗಲ್ಲ, ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡ್ತಾ ಇರಿ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ. ಅದು ನೀರಿನಂಶ ಎಳೆಯುತ್ತೆ, ಹಳೇ ರಬ್ಬರ್ ಪೈಪು ತಿನ್ನುತ್ತೆ. ಮಳೆಗಾಲದಲ್ಲಿ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ ನಿಲ್ಲಿಸಿ. ಪಾಯಿಂಟ್, ಪ್ಲಗ್ ಒಣಗಿರಲಿ. ಸೈಲೆನ್ಸರ್ ಒಳಗಿನ ಮಸಿ ತೆಗೆಸಿ, ಸೈಲೆನ್ಸರನ್ನೇ ತೆಗೆಸಬೇಡಿ. ಊರವರ ಕಿವಿಗೂ ಮರ್ಯಾದೆ ಇದೆ.

ಕೊನೆಯದಾಗಿ ಹಿರಿಯರಿಗೆ ಒಂದು ಮನವಿ. ಕೈಗಾರಿಕೆ ಅನ್ನುವುದು ಕಾರ್ಖಾನೆ ಮುಚ್ಚಿದ ದಿನವೇ ಸಾಯೋದಿಲ್ಲ, ಅದು ತಯಾರಿಸಿದ ಕೊನೆಯ ವಸ್ತು ಗುಜರಿಗೆ ಹೋದ ದಿನ ಸಾಯುತ್ತೆ. ನಾಳೆ ಯಾರಾದರೂ ಬಂದು ‘ಯಜಮಾನ್ರೇ, ಆ ಕಬ್ಬಿಣ ಕೊಡ್ತೀರಾ’ ಅಂದರೆ ಅವಸರ ಮಾಡಬೇಡಿ. ಮೊದಲು ಕಪಾಟು ತೆಗೆದು ಆ ಹಳೇ ಆರ್‌ಸಿ ಪುಸ್ತಕ ಹುಡುಕಿ. ಆಮೇಲೆ ಮೊಮ್ಮಗನನ್ನು ಕರೆದು, ಕಿಕ್ ಲಿವರ್ ಯಾವುದು, ಗೇರ್ ಲಿವರ್ ಯಾವುದು ಅಂತ ತೋರಿಸಿಕೊಡಿ. ಎರಡೂ ಒಂದೇ ಅಂತ ಗೊತ್ತಾದಾಗ ಅವನೇ ಕೇಳ್ತಾನೆ, ‘ಅಜ್ಜ, ಇದನ್ನ ಮಾಡಿದ್ದು ಎಲ್ಲಿ?’ ಅಂತ. ಮೈಸೂರಲ್ಲಿ ಕಣೋ ಅಂತ ಹೇಳೋಕೆ ಆ ಗಾಡಿ ಅಲ್ಲಿರಬೇಕು.