ಹಾರ್ಮಂಡ್ಸ್‌ವರ್ತ್ ಕಣಜದ ಇಸವಿ

ಹೀಥ್ರೂ ವಿಮಾನ ನಿಲ್ದಾಣದ ಬಡಗಣ ಮಗ್ಗುಲಲ್ಲಿ ಹಾರ್ಮಂಡ್ಸ್‌ವರ್ತ್ ಎಂಬ ಸಣ್ಣ ಊರಿದೆ. ಆಡಳಿತದ ಲೆಕ್ಕದಲ್ಲಿ ಅದು ಲಂಡನ್, ನೋಡಲು ಹಳ್ಳಿ. ಅಲ್ಲಿನ ಸೇಂಟ್ ಮೇರಿ ಚರ್ಚಿನ ಹತ್ತಿರ ಸುಮಾರು 60 ಮೀಟರ್ ಉದ್ದದ ಓಕ್ ಮರದ ಕಣಜವೊಂದು ನಿಂತಿದೆ. ಕವಿ ಜಾನ್ ಬೆಟ್ಜಮನ್ ಅದನ್ನು ಮಿಡ್ಲ್‌ಸೆಕ್ಸಿನ ಕೆಥೆಡ್ರಲ್ ಎಂದು ಕರೆದರು. ಕಟ್ಟಿದ್ದು ಯಾವಾಗ ಎಂಬುದೇ ನನ್ನನ್ನು ಹಿಡಿದ ಪ್ರಶ್ನೆ.

ಮೊದಲು ತೆರೆದದ್ದು ಇಂಗ್ಲೆಂಡಿನ ಭೂದಾಖಲೆಯಾದ 1086ರ ಡೂಮ್ಸ್‌ಡೇ ದಫ್ತರ. ಊರು ಫ್ರಾನ್ಸಿನ ರೂಆನ್ ನಗರದ ಮಠವೊಂದರ ಸ್ವತ್ತಾಗಿತ್ತು. ನೀರಗಿರಣಿಗಳ ಲೆಕ್ಕವಿದೆ, ಕಣಜದ ಸುಳಿವಿಲ್ಲ. ಇದರಿಂದ ಏನೂ ಹೇಳಲಾಗದು: ಕಣಜಗಳನ್ನು ಬರೆದಿಡುವುದು ಆ ದಫ್ತರದ ರೂಢಿಯೇ ಅಲ್ಲ. ಚರ್ಚಿನ ಬಾಗಿಲು 12ನೇ ಶತಮಾನದ್ದು. ಆದರೆ ನೆರೆಮನೆಯ ವಯಸ್ಸು ಈ ಮನೆಯ ವಯಸ್ಸಲ್ಲ.

ಜನರ ಬಾಯಲ್ಲಿ ಇದು ದಶಮಾಂಶದ ಕಣಜ, ಅಂದರೆ ಚರ್ಚಿಗೆ ಸಲ್ಲುವ ಹತ್ತನೇ ಪಾಲಿನ ಧಾನ್ಯ ತುಂಬಿದ ಜಾಗ. ಈ ಹೆಸರು ದಾರಿ ತಪ್ಪಿಸುತ್ತದೆ. 1391ರಲ್ಲಿ ಬಿಷಪ್ ವಿಲಿಯಂ ಆಫ್ ವಿಕಮ್ ಈ ಜಹಗೀರನ್ನು ಕೊಂಡು, ತಾನು ಸ್ಥಾಪಿಸಿದ ವಿಂಚೆಸ್ಟರ್ ಕಾಲೇಜಿಗೆ ಕೊಟ್ಟ. ಕಣಜದಲ್ಲಿ ತುಂಬಿದ್ದು ಒಡೆಯನ ಸ್ವಂತ ಹೊಲದ ಬೆಳೆ. ಹಾಗಾದರೆ ಕಟ್ಟಿಸಿದವನು ವಿಕಮನೇ? ನನ್ನ ಮೊದಲ ಊಹೆ ಅದೇ ಆಗಿತ್ತು.

ಕಾಲೇಜಿನ ಲೆಕ್ಕಪತ್ರ ಬೇರೆ ಮಾತು ಹೇಳುತ್ತದೆ. ಹಾರ್ಮಂಡ್ಸ್‌ವರ್ತಿನ ಕಣಜಕ್ಕೆ ಮರ ಕೊಳ್ಳಲು ವಿಲಿಯಂ ಕಿಪ್ಪಿಂಗ್, ಜಾನ್ ಅಟ್ಟೆ ಓಕ್ ಎಂಬ ಇಬ್ಬರು ಬಡಗಿಗಳನ್ನು ಥೇಮ್ಸ್ ದಂಡೆಯ ಕಿಂಗ್‌ಸ್ಟನ್ನಿಗೆ ಕಳಿಸಿದ್ದು 1420ರ ದಶಕದಲ್ಲಿ. ವಿಕಮ್ ತೀರಿಕೊಂಡದ್ದು 1404ರಲ್ಲಿ. ಊಹೆ ಅಲ್ಲಿಗೇ ಬಿತ್ತು. ಹೊಸ ಅನುಮಾನವೂ ಎದ್ದಿತು: ಒಂದು ಜಹಗೀರಿನಲ್ಲಿ ಎರಡು ಕಣಜ ಇರಬಾರದೇ? ಕಾಗದದ ಕಣಜವೇ ಕಣ್ಣೆದುರಿನ ಕಣಜ ಎನ್ನಲು ಏನಾಧಾರ?

ಉತ್ತರವನ್ನು ಕಣಜದ ಮರದಲ್ಲೇ ಹುಡುಕಬೇಕಿತ್ತು. ನಮ್ಮ ಹಲ್ಮಿಡಿ ಶಾಸನದಲ್ಲಿ ಇಸವಿ ಇಲ್ಲ. ಅಕ್ಷರಗಳ ರೂಪ ನೋಡಿ 450ರ ಸುಮಾರಿನದು ಎನ್ನುತ್ತೇವೆ. ಆ 'ಸುಮಾರು' ಬಿಡಿಸಲಾಗದ ಗಂಟು. ಓಕ್ ಮರ ಈ ವಿಷಯದಲ್ಲಿ ಉದಾರಿ. ಕಂಬದಿಂದ ಪೆನ್ಸಿಲ್ಲಿನಷ್ಟು ತೆಳುವಾದ ತಿರುಳು ಕೊರೆದು ತೆಗೆದರೆ ವರ್ಷಕ್ಕೊಂದರಂತೆ ಉಂಗುರಗಳು. ಮಳೆ ಚೆನ್ನಾದ ವರ್ಷ ಅಗಲ, ಬರದ ವರ್ಷ ಕಿರಿದು. ಆ ಅಗಲ-ಕಿರಿದಿನ ಸಾಲನ್ನು ಕಾಲ ಗೊತ್ತಿರುವ ಮರಗಳ ಸಾಲಿನ ಮೇಲಿಟ್ಟು ಸರಿಸುತ್ತಾ ಹೋದರೆ ಒಂದೆಡೆ ಕೂತುಬಿಡುತ್ತದೆ. ತೊಗಟೆಯ ಅಂಚು ಉಳಿದಿದ್ದರೆ ಕಡಿದ ಋತುವೂ ತಿಳಿಯುತ್ತದೆ.

ಇಲ್ಲಿ ಬಂದ ಉತ್ತರ: 1424ರಿಂದ 1426ರ ವಸಂತದೊಳಗೆ ಕಡಿದ ಮರಗಳು. ಮರ ಕಡಿದ ವರ್ಷವೇ ಕಟ್ಟಿದ ವರ್ಷವಲ್ಲ, ನಿಜ. ಆದರೆ ಆಗಿನ ಬಡಗಿಗಳು ಓಕನ್ನು ಹಸಿಯಾಗಿದ್ದಾಗಲೇ ಕೆತ್ತುತ್ತಿದ್ದರು. ಒಣಗಿದರೆ ಉಳಿ ಇಳಿಯದು. ಕಾಗದ, ಮರ ಎರಡೂ ಒಂದಕ್ಕೊಂದು ಗೊತ್ತಿಲ್ಲದೆ ಒಂದೇ ಸಾಕ್ಷಿ ನುಡಿದಿವೆ. 1426ರ ಆಸುಪಾಸು ಎಂದು ಈಗ ಧೈರ್ಯವಾಗಿ ಬರೆಯುತ್ತೇನೆ.

ಕಿಂಗ್‌ಸ್ಟನ್ನಿಗೆ ಹೋದ ಆ ಇಬ್ಬರು ಬಡಗಿಗಳ ಹೆಸರು ಮಾತ್ರ ಯಾವ ಉಂಗುರದಲ್ಲೂ ಸಿಗುವುದಿಲ್ಲ. ಅದನ್ನು ಲೆಕ್ಕ ಬರೆದವನೇ ಉಳಿಸಿಕೊಟ್ಟ. ಅಟ್ಟೆ ಓಕ್ ಎಂದರೆ ಮಧ್ಯಕಾಲೀನ ಇಂಗ್ಲಿಷಿನಲ್ಲಿ ಓಕ್ ಮರದ ಬಳಿಯವನು.