ಕಾಣದ ಅಲೆಗಳ ಕಥೆ

ಊರು ಬಿಟ್ಟು ಬಂದ ನಮ್ಮ ಹಿರಿಯರ ಮನೆಗಳಲ್ಲಿ ರೇಡಿಯೋ ಗೃಹದೇವತೆಯಂತೆ ಗೋಡೆಯ ಹಲಗೆಯ ಮೇಲೆ ಕುಳಿತಿರುತ್ತಿತ್ತು. ಮುಂಬಯಿಯ ಚಾಳುಗಳಲ್ಲಿ, ಹಗಲೆಲ್ಲ ಗುಂಡಿ ತಿರುಗಿಸಿದರೂ ಮೂಕವಾಗಿರುತ್ತಿದ್ದ ಧಾರವಾಡವು ಇರುಳಾಗುತ್ತಲೇ ಗೊರಗೊರ ಸದ್ದಿನ ನಡುವೆ ಕನ್ನಡ ನುಡಿಯತೊಡಗುತ್ತಿತ್ತು. ಹಗಲಿಗಿಲ್ಲದ ಆ ಭಾಗ್ಯ ಇರುಳಿಗೆ ಹೇಗೆ ಬಂತು? ಇದನ್ನರಿಯಲು ಅಲೆಗಳ ಚರಿತ್ರೆಯನ್ನೇ ತುಸು ತಿರುವಿ ನೋಡಬೇಕು.

1865ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ಸ್ಕಾಟ್ಲೆಂಡಿನ ಪಂಡಿತರು, ವಿದ್ಯುತ್ತೂ ಕಾಂತತ್ವವೂ ಕೈಹಿಡಿದು ಅಲೆಯಾಗಿ ಹರಿಯಬಲ್ಲವೆಂದೂ ನಾವು ಕಾಣುವ ಬೆಳಕೂ ಅಂಥದೇ ಒಂದು ಅಲೆಯೆಂದೂ ಗಣಿತದಿಂದ ತೋರಿಸಿದರು. ಇವುಗಳ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. 1888ರ ಹೊತ್ತಿಗೆ ಜರ್ಮನಿಯ ಹೈನ್ರಿಕ್ ಹರ್ಟ್ಸ್ ಕಾಣದ ಅಲೆಗಳನ್ನು ತಮ್ಮ ಪ್ರಯೋಗಶಾಲೆಯಲ್ಲೇ ಎಬ್ಬಿಸಿ ಆ ಮಾತನ್ನು ಸಿದ್ಧಪಡಿಸಿದರು.

ಆಗ ಹಳೆಯ ಶೋಧಗಳಿಗೂ ಹೊಸ ನಂಟು ಹುಟ್ಟಿತು. ಹರ್ಷೆಲ್ 1800ರಲ್ಲಿ ಕಂಡ ಅವಕೆಂಪು ಕಿರಣ, ರಿಟರ್ 1801ರಲ್ಲಿ ಕಂಡ ಅತಿನೇರಳೆ ಕಿರಣ, ರಾಂಟ್ಜನ್ 1895ರಲ್ಲಿ ಕಂಡ ಕ್ಷ-ಕಿರಣ, ಎಲ್ಲವೂ ಒಂದೇ ಮನೆಯ ಮಕ್ಕಳು. ಅವುಗಳಲ್ಲಿರುವ ಭೇದ ಅಲೆಯ ಉದ್ದದ್ದು ಮಾತ್ರ; ಆದರೆ ಉದ್ದ ಬದಲಾದಂತೆ ಕೆಲಸವೂ ಬದಲಾಗುತ್ತದೆ. ನೂರಾರು ಮೀಟರಿನ ಅಲೆ ಊರಿನಿಂದೂರಿಗೆ ಸುದ್ದಿ ಒಯ್ಯುತ್ತದೆ. ಸೆಂಟಿಮೀಟರುಗಳ ಸೂಕ್ಷ್ಮ ಅಲೆ ಅನ್ನ ಬಿಸಿಮಾಡುತ್ತದೆ, ಮೊಬೈಲಿನ ಮಾತನ್ನೂ ಹೊರುತ್ತದೆ. ಟೆಲಿವಿಷನ್ನಿನ ರಿಮೋಟು ಅವಕೆಂಪನ್ನು ಚಿಮ್ಮಿಸುತ್ತದೆ. ಅತಿನೇರಳೆ ನೀರಿನ ರೋಗಾಣುಗಳನ್ನು ಕೊಲ್ಲುತ್ತದೆ. ಕ್ಷ-ಕಿರಣ ಮುರಿದ ಮೂಳೆಯನ್ನು ತೋರಿಸುತ್ತದೆ, ಅದಕ್ಕಿಂತಲೂ ಕಿರಿದಾದ ಗಾಮಾ ಕಿರಣ ಅರ್ಬುದರೋಗದ ಗಂಟನ್ನು ಸುಡುತ್ತದೆ.

ಈ ಚರಿತ್ರೆಯಲ್ಲಿ ನಮ್ಮ ದೇಶದ ಪಾಲೂ ಸಣ್ಣದಲ್ಲ. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೋಡೆಯಾಚೆ ಅಲೆ ಕಳುಹಿಸಿ ಗಂಟೆ ಬಾರಿಸಿ ತೋರಿಸಿದರು. ಅವರು ಪಳಗಿಸಿದ ಮಿಲಿಮೀಟರುಗಳ ಅಳತೆಯ ಅಲೆಗಳು ಇಂದು ರಾಡಾರುಗಳಲ್ಲಿ ದುಡಿಯುತ್ತಿವೆ.

ಇನ್ನು ಕನ್ನಡಿಗರ ಪಾಲು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರಯಂತ್ರವನ್ನು ನಿಲ್ಲಿಸಿ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದರ ಬಲ 30 ವ್ಯಾಟು, ಒಂದು ಸಣ್ಣ ದೀಪದಷ್ಟು. ಅದಕ್ಕಿಟ್ಟ ಹೆಸರು 'ಆಕಾಶವಾಣಿ'. ಮುಂದೆ ಆ ಹೆಸರನ್ನು ಇಡೀ ದೇಶದ ಬಾನುಲಿಯೇ ತನ್ನದಾಗಿಸಿಕೊಂಡಿತು. 2023ರಿಂದ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರನ್ನು ಬಿಟ್ಟು ಅದು ಆಕಾಶವಾಣಿ ಎಂದೇ ಕರೆಸಿಕೊಳ್ಳುತ್ತಿದೆ. ಮೈಸೂರಿನ ಒಂದು ಮನೆಯಲ್ಲಿ ಹುಟ್ಟಿದ ಮಾತು ದೆಹಲಿಯಲ್ಲೂ ಚೆನ್ನೈಯಲ್ಲೂ ನಮ್ಮನ್ನು ಎದುರುಗೊಳ್ಳುತ್ತದೆಯೆಂಬುದು ಹೊರನಾಡ ಕನ್ನಡಿಗನಿಗೆ ಸಣ್ಣ ಸಂತೋಷವೇ?

1950ರ ಜನವರಿಯಲ್ಲಿ ಧಾರವಾಡ ಕೇಂದ್ರವು ತೆರೆಯಿತು. ಈಗ ಮೊದಲಿನ ಪ್ರಶ್ನೆಗೆ ಬರೋಣ. ಸೂರ್ಯನ ಕಿರಣಗಳಿಂದ ಹಗಲಿನಲ್ಲಿ ಬಾನಿನ 60ರಿಂದ 90 ಕಿಲೋಮೀಟರು ಎತ್ತರದಲ್ಲಿ ವಿದ್ಯುದಂಶದ ಒಂದು ಪದರ ಮೂಡುತ್ತದೆ. ಮಧ್ಯಮ ಅಲೆಗಳು ಮೇಲಕ್ಕೇರಿದರೆ ಅದು ನುಂಗಿಬಿಡುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ದೂರದ ನೆಲಕ್ಕೆ ಮರಳುತ್ತವೆ. ಹೀಗೆ ಧಾರವಾಡದ ದನಿ ಆಕಾಶಕ್ಕೆ ಹೋಗಿ ಮುಂಬಯಿಯ ಚಾಳಿಗೆ ಇಳಿಯುತ್ತಿತ್ತು. ಎಫ್. ಎಂ. ಅಲೆಗಳೋ, ಸುಮಾರು 3 ಮೀಟರು ಉದ್ದದವು, ಆ ಪದರಗಳನ್ನು ಸೀಳಿ ಹೊರಟುಹೋಗುತ್ತವೆ. ಆದ್ದರಿಂದ ಊರಿನ ಆಸುಪಾಸಿಗಷ್ಟೇ ಸೀಮಿತ.

ಈಗ ಉಪಗ್ರಹವೂ ಮೊಬೈಲೂ ಹಗಲಿರುಳೆನ್ನದೆ ಕನ್ನಡವನ್ನು ಕೈಗೆ ತಂದುಕೊಡುತ್ತವೆ. ಆದರೆ ಗೊರಗೊರ ಸದ್ದಿನ ನಡುವೆ ಕಿವಿ ನಿಮಿರಿಸಿ ಕಾಯುತ್ತಿದ್ದ ಆ ಆಸೆ ನಮ್ಮ ಮಕ್ಕಳಲ್ಲಿ ಉಳಿದೀತೇ? ಅಲೆ ಮಾತನ್ನು ಬಾಗಿಲವರೆಗೆ ತರಬಲ್ಲುದು; ಬಾಗಿಲು ತೆರೆದು ಒಳಗೆ ಕರೆಯಬೇಕಾದವರು ಮನೆಯವರೇ. ಈ ರಾಜ್ಯೋತ್ಸವದ ರಾತ್ರಿ ಮಕ್ಕಳನ್ನು ಬಳಿ ಕೂರಿಸಿಕೊಂಡು ಅಜ್ಜನ ರೇಡಿಯೋ ಕಥೆಯನ್ನು ಕನ್ನಡದಲ್ಲೇ ಹೇಳೋಣ.